ಎಳೆದರೆ ಕೊಯ್ಯುವ ಗರಗಸ

ಗರಗಸ ಮುಂದಕ್ಕೆ ಹೋಗಲೊಲ್ಲದು.

ಫೌಜದಾರ ಜಿನಪಾಲ ಚೌಗುಲೆ ಮೊಣಕಾಲೂರಿ, ಹಲ್ಲು ಕಚ್ಚಿ ಮತ್ತೊಮ್ಮೆ ದೂಡಿದ. ಅಲಗು ಸಾಗವಾನಿ ಹಲಗೆಯ ಮೇಲೆ ಜಾರಿ, ಬಿಲ್ಲಿನಂತೆ ಬಾಗಿ, ‘ಠಣ್’ ಎಂದು ಹಾಡಿ ಅವನ ಹೆಬ್ಬೆರಳಿನ ಪಕ್ಕದಲ್ಲೇ ಹಾದುಹೋಯಿತು.

“ಅರೆ ದೇವಾ!” ಮಗ್ಗಕ್ಕೆ ಒರಗಿ ನಿಂತಿದ್ದ ಬಾಬಾಸಾಹೇಬ ಮಗದುಮ ನಕ್ಕ. “ಫೌಜದಾರಸಾಹೇಬ್ರ, ಖೂನಿ ತಪಾಸ ಮಾಡಾಕ ಬಂದೀರೋ, ಬಡಿಗತನ ಕಲಿಯಾಕ ಬಂದೀರೋ? ಬೆರಳ ಹೋದೀತು, ಬಿಡ್ರಿ.”

ಒಡಹುಟ್ಟಿದ ಅಣ್ಣ ಸತ್ತು ಇನ್ನೂ ವಾರ ತುಂಬಿರಲಿಲ್ಲ. ಈತನ ನಗು ಮಾತ್ರ ಬೇಗನೆ ಮನೆಗೆ ಮರಳಿತ್ತು.

ದಸರೆಯ ಬೆಳಿಗ್ಗೆ ಇಚಲಕರಂಜಿಯ ಇದೇ ಮಗ್ಗದ ಶೆಡ್ಡಿನಲ್ಲಿ, ಅಟ್ಟಕ್ಕೆ ಹತ್ತುವ ಮರದ ಮೆಟ್ಟಿಲು ಮುರಿದು, ಮಾಲಕ ತಾತ್ಯಾಸಾಹೇಬ ಮಗದುಮ ಕಬ್ಬಿಣದ ಮಗ್ಗದ ಮೇಲೆ ಬಿದ್ದು ಸತ್ತಿದ್ದ. ಮೆಟ್ಟಿಲು ಹೊತ್ತ ಹಲಗೆಯನ್ನು ಯಾರೋ ಅಡಿಯಿಂದ ಕೊಯ್ದಿಟ್ಟಿದ್ದರು. ಅಲ್ಲೇ ಬಡಿಗೇರ ಕಾಡಪ್ಪನ ಗರಗಸ ಬಿದ್ದಿತ್ತು. ಕಾಡಪ್ಪ ಈಗ ಠಾಣೆಯ ಕೋಣೆಯಲ್ಲಿದ್ದ.

ಆ ದಿನ ಜಿನಪಾಲ ಊರಲ್ಲಿರಲಿಲ್ಲ. ಕೊಲ್ಲಾಪುರದ ದಸರೆಯ ಬಂದೋಬಸ್ತಿಗೆ ಹೋಗಿದ್ದ. ಆನೆ, ಅಂಬಾರಿ, ಜನಜಾತ್ರೆ ಕಾದು ಮರಳಿ ಬರುವಷ್ಟರಲ್ಲಿ ಇಲ್ಲಿ ಪಂಚನಾಮೆ ಮುಗಿದು, ಆರೋಪಿ ಒಳಗೆ ಬಿದ್ದು, ಊರು ತನ್ನ ತೀರ್ಪನ್ನೂ ಕೊಟ್ಟಾಗಿತ್ತು. ಬೆಳಿಗ್ಗೆ ಮೇಲಿನವರಿಂದ ತಾರು ಬಂದಿತ್ತು: ಮಧ್ಯಾಹ್ನದ ಮೋಟಾರಿಗೆ ಕಾಡಪ್ಪನನ್ನು ಕೊಲ್ಲಾಪುರಕ್ಕೆ ಕಳಿಸು. ಅಲ್ಲಿಗೆ ಹೋದನೆಂದರೆ ಕೇಸು ಜಿನಪಾಲನ ಕೈ ಬಿಟ್ಟಂತೆ. ಆಮೇಲೆ ಕಾಡಪ್ಪನ ಕೊರಳು, ಸರಕಾರದ ಹಗ್ಗ.

ಅದಕ್ಕೇ ಬೆಳಗಿನಿಂದ ಜಿನಪಾಲನ ಅಂಗಾಲಿನಲ್ಲಿ ಇರುವೆ ಬಿಟ್ಟ ಹಾಗೆ. ಕುಂತರೆ ಕೂಡ್ರಲಾಗದು, ನಿಂತರೆ ನಿಲ್ಲಲಾಗದು. ಚಹಾ ತಂದಿಟ್ಟರೆ ಆರಿಹೋಗುತ್ತಿತ್ತು.

ಸಿಟ್ಟಿನಿಂದ ಗರಗಸವನ್ನು ಹಲಗೆಯಿಂದ ಹಿಂದಕ್ಕೆ ಕಿತ್ತುಕೊಂಡ.

‘ಖರ್ರ್’ ಎಂದಿತು. ಹಳದಿ ಹೊಟ್ಟು ಅವನ ಬೂಟಿನ ಮೇಲೆ ಉದುರಿತು.

ಜಿನಪಾಲ ನೋಡಿಯೇ ನೋಡಿದ. ಮತ್ತೆ ದೂಡಿದ, ಜಾರಿತು. ಎಳೆದ, ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಇಳಿಯಿತು. ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಲ್ಲುಗಳೆಲ್ಲ ಹಿಡಿಯ ಕಡೆಗೆ ವಾಲಿದ್ದವು, ಮನೆಗೆ ಹೊರಟ ದನದ ಸಾಲಿನ ಹಾಗೆ.

ಗರಗಸ ವಿಲಾಯತಿಯದು. ವಿಲಾಯತಿ ಬಡಿಗ ನಿಂತು ಮುಂದಕ್ಕೆ ದೂಡುತ್ತಾನೆ. ನಮ್ಮ ಬಡಿಗೇರು ನೆಲಕ್ಕೆ ಕುಂತು, ಕಟ್ಟಿಗೆಯನ್ನು ಕಾಲಲ್ಲಿ ಒತ್ತಿ, ತಮ್ಮ ಕಡೆ ಎಳೆಯುತ್ತಾರೆ. ಯಾರೋ ಅರ ಹಿಡಿದು ಕೂತು ಈ ಪರದೇಶಿ ಉಕ್ಕಿನ ಹಲ್ಲುಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ, ಅದಕ್ಕೆ ನಮ್ಮ ರೀತಿ ಕಲಿಸಿದ್ದರು.

ಜಿನಪಾಲ ಬಗ್ಗಿ ಮೆಟ್ಟಿಲಿನ ಅಡಿಗೆ ನುಗ್ಗಿದ.

ಮುರಿದ ಹಲಗೆ ಗೋಡೆಯ ಬದಿಯದು. ಅದಕ್ಕೂ ಗೋಡೆಗೂ ನಡುವೆ ಗೇಣು ಜಾಗ. ಬೆಕ್ಕು ಬೇಕಾದರೆ ನಿಂತೀತು, ಮನುಷ್ಯ ನಿಲ್ಲಲಾರ. ಕೊಯ್ದವನು ಈಚೆಗೆ, ಈಗ ಜಿನಪಾಲ ಇರುವಲ್ಲೇ ಇದ್ದಿರಬೇಕು. ಕೊಯ್ದ ಜಾಗದ ಈಚೆ ಮುಖಕ್ಕೆ ಬೆರಳಾಡಿಸಿದ. ನುಣ್ಣಗಿತ್ತು. ಕೈಯನ್ನು ಆಚೆ ತೂರಿಸಿ ಗೋಡೆಯ ಕಡೆಯ ಮುಖ ಸವರಿದ.

“ಸ್ಸ್!” ಬೆರಳಿಗೆ ಸಿಬಿರು ಚುಚ್ಚಿತು. ಆಚೆ ಬದಿಯಲ್ಲಿ ಮರ ಜೋಳದ ರವದಿಯ ಹಾಗೆ ಹರಿದು ನಿಂತಿತ್ತು.

“ಏನಾತ್ರಿ?” ಬಾಬಾಸಾಹೇಬನ ನಗು ನಿಂತಿತ್ತು.

“ಹಲ್ಲು ಯಾವ ಕಡೆಯಿಂದ ಹೊರಗ ಬೀಳ್ತದೋ ಆ ಕಡೆ ಕಟ್ಟಿಗಿ ಹರೀತದ, ಬಾಬಾಸಾಹೇಬ್ರ. ಈ ಗರಗಸ ಎಳದು ಕೊಯ್ಯೂದು. ಇದರಲೇ ಕೊಯ್ದಿದ್ರ ಈ ಕಡೆ ಹರೀಬೇಕಿತ್ತು. ಹರದದ್ದು ಗೋಡಿ ಕಡೆ. ಇದನ್ನ ಕೊಯ್ದದ್ದು ಮುಂದ ದೂಡೋ ಗರಗಸ. ಬ್ಯಾರೇದು.”

“ಅದಕ್ಕೇನಾತು? ಕಾಡಪ್ಪನ ಕಡೆ ಇನ್ನೊಂದ ಇರಂಗಿಲ್ಲೇನು?”

“ಇದ್ರ ಇರ್ಲಿ. ಅದರಲೇ ಕೊಯ್ದು, ಅದನ್ನ ಮುಚ್ಚಿಟ್ಟು, ಊರಿಗೆಲ್ಲಾ ಗೊತ್ತಿರೋ ತನ್ನ ಗರಗಸ ತಂದು ಇಲ್ಲಿ ಬಿಟ್ಟು ಹೋದ್ನೇನು? ‘ಬರ್ರಿ, ನನ್ನ ಹಿಡೀರಿ’ ಅಂತ?”

ಬಾಬಾಸಾಹೇಬ ಟೊಪ್ಪಿಗೆ ಸರಿಮಾಡಿಕೊಂಡ. “ಪುರೆ ಮಾಡ್ರಿ ಸಾಹೇಬ್ರ, ಸಾಕು. ನಮ್ಮಣ್ಣ ಗರಗಸಕ್ಕ ಕಾಲ ತಾಗಿಸಿದಾಗ ‘ಆ ಕಾಲ ಮುರೀಲಿ’ ಅಂತ ಕಾಡಪ್ಪ ಇಡೀ ಶೆಡ್ಡಿನ ಎದುರ ಅಂದಾನ. ನಾ ಕೇಳೀನಿ, ಮಗ್ಗ ನೋಡಿಕೊಳ್ಳೋ ಜಾಬರ್ ಕೇಳ್ಯಾನ, ನೂಲು ಸುತ್ತೋ ಹೆಂಗಸರು ಕೇಳ್ಯಾರ. ಕಾಲ ಮುರೀತು, ಕೂಡ ಜೀವಾನೂ ಹೋತು. ಮೋಟಾರ ಬರೂ ಹೊತ್ತಾತು. ನಾನೂ ಅದರಾಗನ ಕೊಲ್ಲಾಪುರಕ್ಕ ಹೊಂಟೀನಿ, ವಕೀಲರ ಕಡೆ.”

ಅದು ಸುಳ್ಳೇನಲ್ಲ. ಕಾಡಪ್ಪ ಶೆಡ್ಡಿನ ಕಿಟಕಿಗೆ ಚೌಕಟ್ಟು ಕೂಡಿಸುವಾಗ, ದಾರಿಗೆ ಅಡ್ಡ ಇದ್ದ ಗರಗಸವನ್ನು ತಾತ್ಯಾಸಾಹೇಬ ಚಪ್ಪಲಿಗಾಲಿನಿಂದ ಸರಿಸಿದ್ದ. ಹತಾರಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ನಾಡು ಇದು. ತಾತ್ಯಾಸಾಹೇಬ ಒತ್ತಿಕೊಂಡಿರಲಿಲ್ಲ.

ಜಿನಪಾಲ ಗರಗಸ ಬಗಲಲ್ಲಿ ಹಿಡಿದು ಠಾಣೆಗೆ ನಡೆದ. ನಡೆದ ಅನ್ನುವುದಕ್ಕಿಂತ ಓಡಿದ. ಬೀದಿಯುದ್ದಕ್ಕೂ ಎಣ್ಣೆ ಎಂಜಿನುಗಳ ‘ಡುಬ್ ಡುಬ್’, ಮಗ್ಗಗಳ ‘ಖಟಾಪಟಾ’.

ಠಾಣೆಯ ಪಡಸಾಲೆಯಲ್ಲಿ ಹವಾಲ್ದಾರ ಸಿದ್ರಾಮ ಎಲೆಗೆ ಸುಣ್ಣ ಸವರುತ್ತಿದ್ದ. ಹೊಟ್ಟೆ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ದೇವರು ಅಂದರೆ ಪ್ರಾಣ.

“ಹವಾಲ್ದಾರ್ರ, ಈ ಗರಗಸ ಮೊದಲ ಎತ್ತಿದವರು ನೀವ ಹೌದಲ್ರಿ?”

“ಹೌದ್ರಿ ಸಾಹೇಬ್ರ. ನಾನ.”

“ಆಗ ಇದರ ಮ್ಯಾಲೆ ಈ ಕುಂಕುಮ, ಇಭೂತಿ ಎಲ್ಲಾ ಇತ್ತೇನು?”

ಸಿದ್ರಾಮನ ಮುಖ ಅರಳಿತು. “ಸ್ವಲ್ಪ ಇತ್ರಿ. ಇದೆಲ್ಲಾ ನಾ ಹಚ್ಚಿದ್ದು.”

“ನೀವು ಹಚ್ಚಿದ್ದು?”

“ಮತ್ತೇನ್ರಿ! ಖಂಡೇನವಮಿ ಪೂಜಾ ಆದ ಹತಾರ, ದಸರಾ ದಿವಸ, ನೆಲದ ಮ್ಯಾಲೆ ಬಿದ್ದೈತಿ. ಹೆಣ ನೋಡಾಕ ಬಂದ ಮಂದಿ ಸುತ್ತ ತುಳಿದಾಡಾಕತ್ತಿತ್ತು. ಮನುಷ್ಯಾ ಆದಾವಗ ನೋಡಾಕ ಆಗ್ತದೇನ್ರಿ? ಎತ್ತಿ ಕಣ್ಣಿಗೆ ಹಚ್ಚಿಕೊಂಡೆ. ಇಲ್ಲಿ ತಂದು ನಮ್ಮ ಬಂದೂಕಗಳ ಸಾಲಿನಾಗ ಇಟ್ಟು, ಅವುಕ್ಕ ಹಚ್ಚಿದ್ದನ್ನ ಇದಕ್ಕೂ ಹಚ್ಚಿದೆ. ಕಾಯಿ ಒಡದೆ. ಪ್ರಸಾದ ನಿಮ್ಮ ಮನಿಗೂ ಕಳಿಸಿದ್ನಲ್ರಿ, ಅಕ್ಕಾರು ಹೇಳಲಿಲ್ಲೇನು?”

ಜಿನಪಾಲ ತಲೆ ಹಿಡಿದುಕೊಂಡ. ಖೂನಿಯ ಪುರಾವೆಗೆ ಮಂಗಳಾರತಿ ಎತ್ತಿದ ಠಾಣೆ ಮೂರು ಲೋಕದಲ್ಲಿ ಇದೊಂದೇ ಇದ್ದೀತು.

“ಪೂಜಾ ಆದ ಹತಾರ ಅಂತ ಹೆಂಗ ಗೊತ್ತಾತು?”

“ದಾರ ಇತ್ತಲ್ರಿ. ಅರಿಷಿಣದ ದಾರ. ತುದಿಯಿಂದ ಹಿಡಿತನಕ ಹಲ್ಲಿನ ಸಂದಿ ಸಂದಿಗೆ ಸುತ್ತಿತ್ತು. ಒಂದೆಳಿ ಹರಿದಿರಲಿಲ್ಲ ನೋಡ್ರಿ, ಏನ ಚಂದ ಸುತ್ತಿದ್ದಾಂತೀನಿ!”

ಜಿನಪಾಲ ಗರಗಸ ತಿರುವಿ ಹಲ್ಲಿನ ಸಂದಿಗಳನ್ನು ನೋಡಿದ.

“ಆ ದಾರ ಎಲ್ಲೈತಿ?”

ಸಿದ್ರಾಮ ತೋಳು ಮೇಲೇರಿಸಿದ. ದಪ್ಪ ಮಣಿಕಟ್ಟಿನಲ್ಲಿ ಹಳದಿ ದಾರ ಸುತ್ತುಸುತ್ತಾಗಿ ಕೂತಿತ್ತು. “ದೇವರ ದಾರ ಒಗಿಯಾಕ ಬರ್ತದೇನ್ರಿ? ಕಟ್ಟಿಕೊಂಡೀನಿ.”

“ಪಂಚನಾಮೆಯೊಳಗ ಯಾಕ ಬರೀಲಿಲ್ಲ?”

“ದಾರದಾಗ ಏನ ಬರಿಯೂದೈತ್ರಿ ಸಾಹೇಬ್ರ? ದಸರಾದಾಗ ನಮ್ಮ ಸೈಕಲ್ಲಿಗೂ ಇರ್ತದ.”

ಹೌದು. ದಿನಾ ಕಾಣುವುದು ಕಣ್ಣಿಗೆ ಬೀಳುವುದಿಲ್ಲ. ನವಮಿಯ ದಿನ ಸುತ್ತಿದ ದಾರವನ್ನು ದಸರೆಯ ಬನ್ನಿ ಮುಡಿಯುವ ತನಕ ಯಾರೂ ಬಿಚ್ಚುವುದಿಲ್ಲ. ಬನ್ನಿ ಮುಡಿಯುವುದು ಸಂಜೆಗೆ, ಗರಗಸ ಸಿಕ್ಕದ್ದು ಬೆಳಿಗ್ಗೆ. ಹಲ್ಲಿನ ಸಂದಿಯಲ್ಲಿ ನೂಲು ಇಟ್ಟುಕೊಂಡು ಸಾಗವಾನಿ ಕೊಯ್ಯಲು ಬ್ರಹ್ಮನಿಂದಲೂ ಆಗದು. ಮರ ಹೇಳಿದ್ದನ್ನೇ ದಾರವೂ ಹೇಳುತ್ತಿತ್ತು.

“ಬಿಚ್ಚ್ರಿ ಅದನ್ನ,” ಅಂದ ಜಿನಪಾಲ. “ಕತ್ತರಿಸಬ್ಯಾಡ್ರಿ! ಬಿಚ್ಚ್ರಿ. ಅದು ನಿಮ್ಮ ಮಣಿಕಟ್ಟಿನ ಮ್ಯಾಲೆ ಅಲ್ಲ, ಕಾಡಪ್ಪನ ಕೊರಳಿನ ಮ್ಯಾಲೆ ಐತಿ.”

ಸಿದ್ರಾಮ ಹಲ್ಲಿನಿಂದ ಗಂಟು ಬಿಡಿಸತೊಡಗಿದ.

ಕಬ್ಬಿಣದ ಸಳಿಗಳ ಹಿಂದೆ ಕಾಡಪ್ಪ ಗೋಡೆಗೆ ಬೆನ್ನು ಕೊಟ್ಟು ಕುಂತಿದ್ದ. ಗಡಹಿಂಗ್ಲಜದ ಕಡೆಯ ಮನುಷ್ಯ. ಮಾತು ಕಮ್ಮಿ, ಬಿಂಕ ಜಾಸ್ತಿ. ಹಿಡಿದ ದಿನದಿಂದ ‘ನಾ ಅಲ್ಲ’ ಅನ್ನುವುದೊಂದೇ ಅವನ ಮಾತು. ಜಿನಪಾಲನ ಕೈಯಲ್ಲಿದ್ದುದನ್ನು ಕಂಡು ಎದ್ದು ಬಂದ.

“ಒಂದ ಸಲ ಕೈಯಾಗ ಕೊಡ್ರಿ ಸಾಹೇಬ್ರ.”

ಆರೋಪಿಗೆ ಗರಗಸ! ಸಿದ್ರಾಮ ಕೆಮ್ಮಿದ. ಜಿನಪಾಲ ಸಳಿಗಳ ನಡುವೆ ಹಿಡಿಯನ್ನಷ್ಟೇ ಚಾಚಿ, ಅಲಗಿನ ತುದಿಯನ್ನು ತಾನು ಹಿಡಿದುಕೊಂಡ.

ಕಾಡಪ್ಪನ ಬೆರಳುಗಳು ಹಿಡಿಯೊಳಗೆ ತಾವಾಗಿಯೇ ಹೋಗಿ ಕೂತವು. ಅವನ ಅಂಗೈ ತಿಕ್ಕಿ ತಿಕ್ಕಿ ಆ ಮರ ಖರ್ಜೂರದ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಗೋದಿಯ ತೆನೆ ಕೆತ್ತಿತ್ತು. ಬೆರಳು ಆಡುವಲ್ಲಿ ಕಾಳುಗಳೆಲ್ಲ ಸವೆದು ಅಂಚಿನವು ಮಾತ್ರ ಉಳಿದಿದ್ದವು. ಹಿತ್ತಾಳೆಯ ತಿರುಪುಗಳು ಮರದ ಮಟ್ಟಕ್ಕೆ ಸರಿಯಾಗಿ ಕೂತು, ಉಗುರಿಗೂ ತಾಗುತ್ತಿರಲಿಲ್ಲ.

“ಬಗ್ಗಸ್ರಿ,” ಅಂದ ಕಾಡಪ್ಪ.

“ಆಂ?”

“ತುದಿ ನಿಮ್ಮ ಕಡೆ ಐತಲ್ರಿ, ಬಗ್ಗಸ್ರಿ. ಹೆದರಬ್ಯಾಡ್ರಿ, ಮುರಿಯಂಗಿಲ್ಲ.”

ಜಿನಪಾಲ ಬಗ್ಗಿಸಿದ. ಅಲಗು ಅರ್ಧಚಂದ್ರವಾಯಿತು. ಬಿಟ್ಟಾಗ ಸರಕ್ಕನೆ ನೆಟ್ಟಗಾಯಿತು. ಎಲ್ಲಿ ಬಾಗಿತ್ತು ಅನ್ನುವ ಗುರುತೂ ಇಲ್ಲ.

“ನೋಡಿದ್ರಿ? ಹಲ್ಲಿನ ಕಡೆ ದಪ್ಪ, ಬೆನ್ನಿನ ಕಡೆ ತೆಳ್ಳಗ. ಅದಕ್ಕ ಕಟ್ಟಿಗಿಯೊಳಗ ಸಿಗಿಬೀಳೂದಿಲ್ಲ. ಹೊಳಿಗೆ ಸೇತುವೆ ಕಟ್ಟಾಕ ಬಂದ ಗೋರಾ ಸಾಹೇಬ ಹೋಗೂ ಮುಂದ ನಮ್ಮಪ್ಪಗ ಕೊಟ್ಟು ಹೋದ. ನಮ್ಮಪ್ಪ ಇದರ ಹಲ್ಲು ತಿರುವಾಕ ಒಂದ ಮಳಿಗಾಲ ಹಿಡೀತ್ರಿ. ಇದು ಕಾಣ್ತದಲ್ಲ?” ಅಲಗಿನ ಬೆನ್ನಿನ ಮೇಲೆ, ತುದಿಯ ಹತ್ತಿರ, ಸಾಸಿವೆಯಷ್ಟು ಉಕ್ಕಿನ ಮೊಳಕೆಯೊಂದು ಎದ್ದಿತ್ತು. “ಇದ್ಯಾಕ ಅಂತ ಸಾಹೇಬಗೂ ಗೊತ್ತಿದ್ದಿಲ್ಲಂತ. ಇಷ್ಟ ಚಂದ ಮಾಡಿದಾವ ದೃಷ್ಟಿಬೊಟ್ಟು ಇಟ್ಟಾನ ಅಂದ ನಮ್ಮಪ್ಪ. ಈಗ ವಿಲಾಯತಿಯೊಳಗ ಲಡಾಯಿ ಹತ್ತೈತಿ. ಇಂಥಾ ಉಕ್ಕೆಲ್ಲಾ ತೋಪಿಗೆ ಹೋಗೂದು. ಇನ್ನ ಇಂಥಾವು ಬರಂಗಿಲ್ರಿ.”

ಇಷ್ಟು ದಿನದಲ್ಲಿ ಕಾಡಪ್ಪ ಇಷ್ಟು ಮಾತಾಡಿದ್ದು ಇದೇ ಮೊದಲು.

“ಕಾಡಪ್ಪ, ಕೇಳಿಲ್ಲೆ. ಈ ಗರಗಸ ಆ ಹಲಗಿ ಕೊಯ್ದಿಲ್ಲ. ನನಗ ಗೊತ್ತಾತು. ನೀ ಪೂಜಾದಾಗ ಸುತ್ತಿದ ದಾರ ಇದು. ಸಿಕ್ಕಾಗ ಒಂದೆಳಿ ಹರಿದಿದ್ದಿಲ್ಲ. ಹವಾಲ್ದಾರ್ರ ಸಾಕ್ಷಿ.” ಹಳದಿ ದಾರದ ಉಂಡೆಯನ್ನು ಅವನೆದುರು ಹಿಡಿದ. “ಈ ಒಂದ ಮಾತಿನ ಮ್ಯಾಲೆ ಇವತ್ತಿನ ಮೋಟಾರ ತಪ್ಪಸ್ತೀನಿ. ಮ್ಯಾಲಿನವರಿಗೆ ನಾನ ತಾರು ಹೊಡೀತೀನಿ. ಇನ್ನ ಹೇಳು, ನವಮಿಯಿಂದ ದಸರಾ ತನಕ ನಿಮ್ಮ ಮನಿಯೊಳಗ ಯಾರ ಬಂದಿದ್ರು?”

ಕಾಡಪ್ಪ ಸಳಿ ಹಿಡಿದುಕೊಂಡ. ಕಣ್ಣಲ್ಲಿ ನೀರು ಬಂತೇನೋ. ಬಿಂಕದವನು, ಮುಖ ತಿರುಗಿಸಿದ.

“ಯಾರೂ ಬಂದಿಲ್ರಿ. ನವಮಿ ಸಂಜಿಕ ನಾ ಗುಡಿಗೆ ಹೋಗಿದ್ದೆ.” ಹೊಸದೊಂದು ಸಂಕಟ ಅವನನ್ನು ಹಿಡಿಯಿತು. “ಪೂಜಾದ ಹತಾರ… ಬರೀ ನೆಲಕ್ಕ ಒಗದಿದ್ರೇನ್ರಿ? ಕಾಲಾಗ?”

“ಇಲ್ಲೋ ಮಾರಾಯ!” ಸಿದ್ರಾಮನಿಗೆ ಬಡವನ ಜೀವ ತಣ್ಣಗೆ ಮಾಡುವ ಆಸೆ. “ಬರೀ ನೆಲದ ಮ್ಯಾಲೆ ಯಾರ ಇಡ್ತಾರ? ಖಣ ಹಾಸಿ ಅದರ ಮ್ಯಾಲೆ ಇಟ್ಟಿದ್ರು. ಹೊಸಾ ಖಣ. ನಮ್ಮ ಬಂದೂಕಿಗೆ ಹೊದಿಸೀನಿ, ತಡಿ.”

ಜಿನಪಾಲ ಸರ್ರನೆ ತಿರುಗಿದ. “ಖಣಾ? ಹವಾಲ್ದಾರ್ರ, ಇನ್ನೂ ಏನೇನ ಮುಚ್ಚಿಟ್ಟೀರಿ?”

“ಮುಚ್ಚಿಟ್ಟಿಲ್ರಿ, ಹೊದಿಸೀನಿ.”

ತಂದ. ಹಸಿರು ಮೈ, ಕೆಂಪು ದಡಿ, ನಡುವೆ ಬಿಳಿ ಎಳೆಯ ಚಿಕ್ಕ ಚಿಕ್ಕ ತೇರು. ಹೊಲಿಯದ ಕುಪ್ಪಸದ ತುಂಡು. ಮಡಿಕೆ ಇನ್ನೂ ಮಾಸಿರಲಿಲ್ಲ.

ಕಾಡಪ್ಪ ಅದನ್ನು ನೋಡಿದ.

ಸಳಿಯ ಮೇಲಿನ ಅವನ ಕೈ ಸಡಿಲಾಯಿತು. ಮುಖದಿಂದ ಯಾರೋ ದೀಪ ಎತ್ತಿಕೊಂಡು ಹೋದ ಹಾಗಾಯಿತು. ಹೊರಗೆ ಎಲ್ಲೋ ದೂರದಲ್ಲಿ ಮೋಟಾರಿನ ಕೊಂಬು ಕೂಗಿತು.

“ಸಾಹೇಬ್ರ,” ಅಂದ. “ನಾನ ಕೊಯ್ದೇನಿ.”

“ಏನಂದಿ?”

“ತಾತ್ಯಾಸಾಹೇಬ್ರನ್ನ ಕೊಂದಾವ ನಾನ. ಬರಕೋರಿ.”

“ಹುಚ್ಚ ಹಿಡೀತೇನೋ ನಿನಗ! ಯಾವ ಗರಗಸಲೆ ಕೊಯ್ದಿ?”

“ಬ್ಯಾರೇದ್ರಲೆ.”

“ಎಲ್ಲೈತಿ ಅದು?”

“ಪಂಚಗಂಗಾ ಹೊಳ್ಯಾಗ ಒಗದೀನಿ.”

“ದೂಡಿ ಕೊಯ್ದ್ಯೋ, ಎಳದು ಕೊಯ್ದ್ಯೋ?”

ಕಾಡಪ್ಪ ತುಸು ತಡವರಿಸಿದ. “ನಾ ಬಡಿಗೇರಾವ್ರಿ. ಎಳದ ಕೊಯ್ಯಾವ.”

“ಸುಳ್ಳ! ಆ ಹಲಗಿ ದೂಡಿ ಕೊಯ್ದದ್ದು.”

“ಹಂಗಾರ ದೂಡಿ ಕೊಯ್ದೆ.”

“ಕಾಡಪ್ಪ…” ಜಿನಪಾಲ ಸಳಿಗೆ ಹಣೆ ತಾಗಿಸಿ ದನಿ ಇಳಿಸಿದ. “ಈ ಖಣ ಯಾರದು? ಯಾರನ್ನ ಉಳಸಾಕತ್ತಿ? ನನ್ನ ಮುಂದ ಅಂದದ್ದಕ್ಕ ಕಿಮ್ಮತ್ತಿಲ್ಲ, ಬಿಡು. ಕೊಲ್ಲಾಪುರದಾಗ ನ್ಯಾಯಾಧೀಶರ ಮುಂದ ಇದನ್ನ ಅಂದ್ರ, ದೇವರು ಇಳದು ಬಂದ್ರೂ ನಿನ್ನ ಹಗ್ಗ ಬಿಚ್ಚಂಗಿಲ್ಲ.”

“ಅಲ್ಲಿ ಇನ್ನೂ ಗಟ್ಟಿಯಾಗಿ ಅಂತೀನ್ರಿ.”

ಬಾಗಿಲಲ್ಲಿ ನೆರಳು ಬಿತ್ತು. ಜಿನಪಾಲ ಖಣವನ್ನು ಕೋಟಿನ ಕಿಸೆಗೆ ತುರುಕುವುದಕ್ಕೂ ಬಾಬಾಸಾಹೇಬ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. “ಕೇಳಿಸ್ತು, ಫೌಜದಾರಸಾಹೇಬ್ರ! ಪಡಸಾಲಿಯೊಳಗ ನಿಂತ ಮಂದಿಗೆಲ್ಲಾ ಕೇಳಿಸ್ತು. ಆಪ್ಲಿ ಖಾತ್ರಿ ಝಾಲಿ? ಖಾತ್ರಿ ಆತಲ್ಲ? ಇನ್ನೂ ಹಲ್ಲು ಎಣಸ್ತೀರೇನು? ಮೋಟಾರ ನಿಂತೈತಿ.”

ಏನು ಹೇಳಿ ತಡೆಯುವುದು? ಮೇಲಿನವರ ತಾರು ಮೇಜಿನ ಮೇಲಿತ್ತು, ಆರೋಪಿ ತಾನೇ ಬಾಯಿಬಿಟ್ಟಿದ್ದ, ಊರ ಹತ್ತು ಕಿವಿ ಕೇಳಿತ್ತು. ಒಂದು ದಾರ, ಒಂದು ಸಿಬಿರು ಇವುಗಳ ಮುಂದೆ ಎಷ್ಟರವು?

ಕಾಡಪ್ಪ ಇಬ್ಬರು ಶಿಪಾಯಿಗಳ ನಡುವೆ ನಡೆದು ಹೋದ. ಗರಗಸದ ಕಡೆಗೆ ತಿರುಗಿ ನೋಡಲಿಲ್ಲ. ಮೋಟಾರಿನ ಹಿಂದಿನ ಬಾಕಿನಲ್ಲಿ, ಜಾತ್ರೆಗೆ ಹೊರಟವನ ಹಾಗೆ ನೆಟ್ಟಗೆ ಕುಂತ. ಬಾಬಾಸಾಹೇಬ ಡ್ರೈವರನ ಪಕ್ಕದಲ್ಲಿ ಕೂತು ಬಾಗಿಲು ಎಳೆದುಕೊಂಡ. ಧೂಳೆದ್ದಿತು. ಮೋಟಾರು ಹೋಯಿತು.

ಧೂಳು ಇಳಿಯುವ ಮೊದಲೇ ಅದರೊಳಗಿಂದ ಹೆಂಗಸೊಬ್ಬಳು ಓಡಿ ಬಂದಳು. ಕಾಡಪ್ಪನ ಹೆಂಡತಿ ಗುರುಸಿದ್ದವ್ವ. ಎದೆಗೆ ಬುತ್ತಿಯ ಗಂಟು ಅವಚಿಕೊಂಡಿದ್ದಳು.

“ಹೋತೇನ್ರಿ? ಮೋಟಾರ ಹೋತೇನ್ರಿ ಯಪ್ಪಾ? ರೊಟ್ಟಿ ಬಡ್ಯೂದ್ರಾಗ ಹೊತ್ತಾತು… ಬರೀ ಹೊಟ್ಟೀಲೆ ಹೋದ್ನೇನ್ರಿ?”

ಜಿನಪಾಲನಿಗೆ ಅವಳ ಮಾತು ಕೇಳಿಸಲಿಲ್ಲ. ಅವನ ಕಣ್ಣು ಬುತ್ತಿಗೆ ಅಂಟಿಕೊಂಡಿತ್ತು. ಹಸಿರು ಮೈ, ಕೆಂಪು ದಡಿ, ಬಿಳಿ ಎಳೆಯ ತೇರು.

ಕಿಸೆಯಿಂದ ತನ್ನದನ್ನು ತೆಗೆದು ಪಕ್ಕಕ್ಕೆ ಹಿಡಿದ. ಒಂದೇ ಮಗ್ಗದ, ಒಂದೇ ಕೈಯ ಬಟ್ಟೆ.

“ಗುರುಸಿದ್ದವ್ವ, ಈ ಖಣ ನಿಂದೇನವಾ?”

“ನಂದ್ಯಾಕಾದೀತ್ರಿ? ನಂದು ಇಲ್ಲೈತಲ್ಲ.” ಬುತ್ತಿಯನ್ನು ಎತ್ತಿ ತೋರಿಸಿದಳು. “ನಿಮ್ಮ ಶಿಪಾಯಿಗಳು ಮನಿ ಹುಡುಕಿ ಝಡತಿ ಮಾಡಿ ಮನ್ಯಾಗಿನ ಅರಿವಿ ಎಲ್ಲಾ ಚೀಲಕ್ಕ ತುಂಬಿ ಒಯ್ದ್ರಲ್ರಿ. ಜೋಳದ ಮಡಕಿಯೊಳಗ ಇದೊಂದ ಉಳದಿತ್ತು. ಇದರಾಗ ಕಟ್ಟಿ ತಂದೆ.”

“ಇಂಥಾ ಖಣ ಇನ್ನ ಯಾರ ಕಡೆ ಐತಿ?”

“ಯಾರ ಕಡೇನೂ ಇಲ್ರಿ. ನಾಗರ ಪಂಚಮ್ಯಾಗ ತಾತ್ಯಾಸಾಹೇಬ್ರ ಮನಿಯಾಕಿ, ರಾಜಮತಿ ಅವ್ವಾರು, ನನಗ ಉಡಿ ತುಂಬಿ ಕೊಟ್ಟದ್ದು. ನನ್ನ ಕಣ್ಣ ಮುಂದ ಒಂದ ತುಂಡನ್ನ ನಡಬರಕ ಹರದು, ಅರ್ಧಾ ನನಗ ಕೊಟ್ರು, ಅರ್ಧಾ ತಮಗಂತ ಇಟ್ಟುಕೊಂಡ್ರು. ಅಕ್ಕತಂಗೇರ ಹಂಗ ತೊಡೂಣು ಅಂದಿದ್ರು, ಪಾಪ. ಈಗ ಅವರ ಹಣೀನ ಬರಿದಾತು…” ಮಾತು ನಿಲ್ಲಿಸಿದಳು. “ಯಾಕ್ರಿ ಯಪ್ಪಾ, ಹಂಗ್ಯಾಕ ನೋಡ್ತೀರಿ?”

ಕಾಡಪ್ಪನಿಗೆ ಗೊತ್ತಿದ್ದದ್ದು ಹೆಂಡತಿಯ ಖಣ ಒಂದೇ. ಅವಳ ಕೊರಳು ಉಳಿಸಲು ತನ್ನದನ್ನು ಕೊಟ್ಟು ಹೋಗಿದ್ದ, ಮತ್ತು ಇವಳು ಏನೂ ಮಾಡಿರಲಿಲ್ಲ.

“ಹವಾಲ್ದಾರ್ರ! ಸೈಕಲ್ ತಗೀರಿ. ಮೋಟಾರ ಜಕಾತಿ ನಾಕ್ಯಾದಾಗ ನಿಲ್ತದ, ಓಡ್ರಿ!”

ಸಿದ್ರಾಮ ಸೊಂಟದ ಪಟ್ಟಿ ಬಿಗಿದು ಸೈಕಲ್ಲಿನ ಕಡೆ ಓಡುವಾಗ, ಠಾಣೆಯ ಮೆಟ್ಟಿಲಿನ ಬಳಿ ಒಬ್ಬ ಮುದುಕಿ 'ಅಯ್ಯ, ಹಾಯ್ತೀಯೇನೋ!' ಎಂದು ಬದಿಗೆ ಸರಿದಳು. ಮಗದುಮರ ಮನೆಯಲ್ಲಿ ಕಸ ಮುಸುರೆ ಮಾಡುವ ಸಾವಕ್ಕ. ಜಿನಪಾಲನ ಕೈಯಲ್ಲಿದ್ದುದನ್ನು ಕಂಡು, ಹುಡುಕಿದ್ದು ಸಿಕ್ಕಿತು ಅನ್ನುವಂತೆ ಸೆರಗು ಸರಿಮಾಡಿಕೊಂಡಳು.

“ರಾಜಮತಿ ಅವ್ವಾರು ಹೇಳಿ ಕಳಿಸ್ಯಾರ್ರಿ ಸಾಹೇಬ್ರ. ಗರಗಸದ ಬುಡಕ ಹಾಸಿದ ಖಣ ನಮ್ಮದೈತಿ, ತಾವ ಸ್ವತಃ ತಂದು ಕೊಡಬೇಕಂತ, ಮಾತಾಡೂದೈತಂತ.”

ಖಣದ ಮಾತು ಠಾಣೆಯೊಳಗೇ ಎದ್ದದ್ದು ಈಗಷ್ಟೇ. ಪಂಚನಾಮೆಯಲ್ಲಿಯೂ ಇರಲಿಲ್ಲ.

“ಯಾವಾಗ ಹೇಳಿದ್ರು ಇದನ್ನ?”

“ಮುಂಜಾನೇನ ಹೇಳ್ಯಾರ್ರಿ.” ಸಾವಕ್ಕ ಧೂಳಿನ ದಾರಿಯತ್ತ ನೋಡಿ ದನಿ ತಗ್ಗಿಸಿದಳು. “ಆದ್ರ ಬಾಬಾಸಾಹೇಬ್ರು ಊರು ದಾಟೂ ತನಕ ಬಾಯಿ ಬಿಡಬ್ಯಾಡ ಅಂತ ಅವ್ವಾರ ಅಂದಿದ್ರು. ಬಿಟ್ರ, ಮತ್ತೊಂದ ಹೆಣ ಬೀಳ್ತದಂತ.”